ಮುತ್ಯಾನ ಕಾಲದಾಗೂ ಬರ ಇತ್ತಲ್ಲ!

ಭೂಮಿಯ ಬಿಸಿ ಏರುತ್ತಿರುವುದಕ್ಕೆ ಮನುಷ್ಯನೇ ಕಾರಣ ಎಂದು ಈ ಅಂಕಣದಲ್ಲಿ ಬರೆದದ್ದಕ್ಕೆ ಜಾಲಹಳ್ಳಿ, ದೇವದುರ್ಗ, ಮಾನ್ವಿ, ರಾಯಚೂರು ಕಡೆಯಿಂದ ಪತ್ರಗಳು ಬಂದಿವೆ. ಒಪ್ಪಿಗೆಯವು ಕಡಿಮೆ, ತಕರಾರಿನವು ಜಾಸ್ತಿ. ಒಪ್ಪಿದವರಿಗೆ ನಮಸ್ಕಾರ ಹೇಳಿ, ತಕರಾರಿನವನ್ನೇ ಆರಿಸಿಕೊಂಡಿದ್ದೇನೆ.

ನಮ್ಮ ಮುತ್ಯಾ ಅವನ ಮುತ್ಯಾನಿಂದ ಕೇಳಿದ ಧಾತು ಬರದ ಕತಿ ಹೇಳ್ತಿದ್ದ. ನಮ್ಮಪ್ಪ ಎಪ್ಪತ್ತೆರಡರ ಬರ ಕಣ್ಣಾರೆ ಕಂಡಾನ. ಆವಾಗ ನಮ್ಮ ಕಡೆ ಎಷ್ಟು ಮೋಟಾರಿದ್ದವು, ಎಷ್ಟು ಕಾರ್ಖಾನಿ ಇದ್ದವು? ಈಗ ಮಳಿ ತಪ್ಪಿದ್ರ ಹೊಗಿ ಕಾರಣ ಅಂತೀರಿ. ಆವಾಗ ಯಾರ ಹೊಗಿ ಕಾರಣ ಇತ್ರಿ?
– ರೈತರು, ಜಾಲಹಳ್ಳಿ

ಆವಾಗ ಯಾರ ಹೊಗೆಯೂ ಕಾರಣವಾಗಿರಲಿಲ್ಲ. 1876ರಿಂದ 78ರವರೆಗೆ, ಧಾತು-ಈಶ್ವರ ಸಂವತ್ಸರಗಳಲ್ಲಿ, ಪೆಸಿಫಿಕ್ ಸಾಗರದಲ್ಲಿ ಭಾರಿ ಎಲ್ ನಿನೊ ಎದ್ದಿತ್ತು. ಅಲ್ಲಿ ನೀರು ಕಾದರೆ ಇಲ್ಲಿ ಮುಂಗಾರು ಸೊರಗುವುದು ಹಳೆಯ ನಂಟು. ಮಳೆ ಹೋದದ್ದು ಅದರಿಂದ. ಅಷ್ಟು ಜನ ಸತ್ತದ್ದಕ್ಕೆ ಮಾತ್ರ ಆಳುವವರ ಕೈವಾಡವೂ ಇತ್ತು, ಆ ಕತೆ ಬೇರೆ.

ನಿಮ್ಮ ಸೀಮೆಗೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್ ಮಳೆ. ಪಡುವಣ ಘಟ್ಟ ಮೋಡಗಳನ್ನು ಹಿಂಡಿ ಉಳಿಸಿದ್ದು ನಿಮಗೆ. ಇಂಥ ಕಡೆ ಬರ ಬಂದೇ ಬರುತ್ತದೆ. ಹಾಗಾಗಿ ಬಿರುಕು ಬಿಟ್ಟ ಹೊಲದ ಫೋಟೊ ತೋರಿಸಿ ‘ನೋಡಿ, ಹವಾಮಾನ ಬದಲಾವಣೆ’ ಎನ್ನುವವರನ್ನು ನೀವು ನಂಬದಿರುವುದು ಸರಿಯೇ. 2023ರಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದೂ ಎಲ್ ನಿನೊ ವರ್ಷವೇ. ಬರವೊಂದನ್ನೇ ಸಾಕ್ಷಿಕಟ್ಟೆಗೆ ತಂದರೆ ಮೊಕದ್ದಮೆ ನಿಲ್ಲುವುದಿಲ್ಲ.

ಸಾಕ್ಷಿ ಇರುವುದು ಥರ್ಮಾಮೀಟರಿನಲ್ಲಿ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಇಡೀ ಭೂಮಿಯದು ಇನ್ನೂ ಹೆಚ್ಚು. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 2024ನೇ ಇಸವಿ ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಬಿಸಿಯಾಗಿತ್ತು. ಧಾತು ಬರದ ಎಲ್ ನಿನೊ ತಂಪಾದ ಭೂಮಿಯ ಮೇಲೆ ಬಂತು, 2023ರದು ಆಗಲೇ ಕಾದ ಭೂಮಿಯ ಮೇಲೆ. ಅದೇ ಮಳೆ ತಪ್ಪಿದರೂ ಕಾದ ಗಾಳಿ ಎರೆ ಹೊಲದ ಹಸಿಯನ್ನು ಬೇಗ ಹೀರುತ್ತದೆ. ಹಿಂಗಾರಿ ಜೋಳ ಬರೀ ಆ ಹಸಿಯ ಮೇಲೆ ಬೆಳೆಯುವ ಪೀಕು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ‘ಹಿಂದೆಯೂ ಇತ್ತಲ್ಲ’ ಎಂಬ ವಾದ. ಹಿಂದೊಮ್ಮೆ ಸಿಡಿಲು ಬಡಿದು ಬಣವೆ ಸುಟ್ಟಿತ್ತು ಎಂದ ಮಾತ್ರಕ್ಕೆ ಇವತ್ತು ಬಣವೆ ಪಕ್ಕ ಬೀಡಿ ಬಿಸಾಕಿದವನು ನಿರ್ದೋಷಿ ಆಗುವುದಿಲ್ಲ. ಪ್ರತಿ ಸಲವೂ ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು. ಆ ಹುಡುಕಾಟದ ವಿಷಯ ಮುಂದಿನ ಪತ್ರದಲ್ಲಿದೆ.

ಬಿಸಿ ಏರಿದೆ ಎಂದು ಒಪ್ಪೋಣ. ಅದಕ್ಕೆ ಕಲ್ಲಿದ್ದಲು, ಪೆಟ್ರೋಲೇ ಕಾರಣ ಎಂದು ಹೇಗೆ ಹೇಳುತ್ತೀರಿ? ಸೂರ್ಯ ಯಾಕಾಗಬಾರದು? ಇಸ್ರೊ ಅಧ್ಯಕ್ಷರಾಗಿದ್ದ, ನಮ್ಮ ಕನ್ನಡದವರೇ ಆದ ಯು.ಆರ್. ರಾವ್ ಅವರೇ ಇದನ್ನು ಒಪ್ಪಿರಲಿಲ್ಲ ಎಂದು ಓದಿದ್ದೇನೆ. ಅಂಥವರೇ ಒಪ್ಪದಿದ್ದಾಗ ನಾವು ಯಾರನ್ನು ನಂಬಬೇಕು?
– ಬಿ.ಎಸ್ಸಿ. ವಿದ್ಯಾರ್ಥಿ, ದೇವದುರ್ಗ

ನೀವು ಓದಿದ್ದು ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ. ಅದಕ್ಕೆ ಬರುವ ಮುಂಚೆ ಇಂಗಾಲದ ವಿಷಯ ಮುಗಿಸುತ್ತೇನೆ.

ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ ಎಂಬುದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದಳು. ಮೂರು ವರ್ಷದ ಮೇಲೆ ಜಾನ್ ಟಿಂಡಾಲ್ ಅದನ್ನು ನಿಖರವಾಗಿ ಅಳೆದ. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಕೈಲೆಕ್ಕದಲ್ಲೇ ಎಷ್ಟು ಬಿಸಿ ಏರೀತೆಂದು ಅಂದಾಜು ಮಾಡಿದ. ಧಾತು ಬರ ಕಂಡವರು ಆಗಿನ್ನೂ ಬದುಕಿದ್ದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಕೂತಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡಿನವು. ಈಗ 420 ದಾಟಿದೆ. ಕೈಗಾರಿಕೆಗಳ ಮುಂಚೆ ಸುಮಾರು 280 ಇತ್ತು ಎಂಬುದಕ್ಕೆ ಧ್ರುವದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳೇ ದಾಖಲೆ.

ಹೆಚ್ಚಿದ್ದು ನಾವು ಸುಟ್ಟಿದ್ದೇ ಎಂದು ಹೇಗೆ ಗೊತ್ತು? ಇಂಗಾಲಕ್ಕೆ ಗುರುತಿನ ಚೀಟಿ ಇದೆ. ಗಿಡಮರಗಳು ಹಗುರ ಇಂಗಾಲವನ್ನು ಹೆಚ್ಚು ಹೀರುತ್ತವೆ, ಇಂಗಾಲ-13 ಎಂಬ ಭಾರದ್ದನ್ನು ಕಡಿಮೆ. ಕಲ್ಲಿದ್ದಲು ಎಂದರೆ ಕೋಟ್ಯಂತರ ವರ್ಷ ಹಳೆಯ ಗಿಡಮರ. ಅದನ್ನು ಸುಟ್ಟಷ್ಟೂ ಗಾಳಿಯಲ್ಲಿ ಭಾರದ ಇಂಗಾಲದ ಪಾಲು ಇಳಿಯಬೇಕು, ಇಳಿಯುತ್ತಿದೆ. ನೆಲದೊಳಗೆ ಅಷ್ಟು ಕಾಲ ಮಲಗಿದ್ದರಲ್ಲಿ ಇಂಗಾಲ-14 ಪೂರ್ತಿ ಸವೆದುಹೋಗಿರುತ್ತದೆ. ಅದನ್ನು ಸುಟ್ಟರೆ ಗಾಳಿಯಲ್ಲಿ ಇಂಗಾಲ-14ರ ಪಾಲೂ ಇಳಿಯುತ್ತದೆ. ಆ ಇಳಿಕೆಯ ಕುರುಹನ್ನು ಹಾನ್ಸ್ ಸೂಸ್ 1955ರಲ್ಲೇ ಮರದ ಉಂಗುರಗಳಲ್ಲಿ ಕಂಡಿದ್ದ. ಸೂರ್ಯನ ವಿಷಯ: ಬಿಸಿಗೆ ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಆಗುತ್ತಿರುವುದು ಉಲ್ಟಾ. ಕೆಳಗಿನ ಪದರ ಕಾಯುತ್ತಿದೆ, ಮೇಲಿನ ಪದರ ತಣಿಯುತ್ತಿದೆ. ಶಾಖ ಕೆಳಗೇ ಸಿಕ್ಕಿಬಿದ್ದಿದೆ ಎಂದು ಇದರರ್ಥ. 1978ರಿಂದ ಉಪಗ್ರಹಗಳು ಸೂರ್ಯನನ್ನು ನೇರವಾಗಿ ಅಳೆಯುತ್ತಿವೆ. ಇಷ್ಟು ಬಿಸಿ ಏರಿಸುವಂಥ ಹೆಚ್ಚಳ ಅಲ್ಲಿ ಸಿಕ್ಕಿಲ್ಲ.

ಈಗ ರಾವ್ ಅವರ ಮಾತಿಗೆ ಬರೋಣ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಆರ್ಯಭಟ ಉಪಗ್ರಹದ ರೂವಾರಿ, 1984ರಿಂದ 94ರವರೆಗೆ ಇಸ್ರೊ ಅಧ್ಯಕ್ಷ. ಆದರೆ ಅವರ ಮೂಲ ಕಸುಬು ರಾಕೆಟ್ ಅಲ್ಲ, ವಿಶ್ವಕಿರಣ. ವಿಕ್ರಮ್ ಸಾರಾಭಾಯ್ ಅವರ ಕೈಕೆಳಗೆ ಸಂಶೋಧನೆ ಶುರು ಮಾಡಿದ್ದೇ ಆ ವಿಷಯದಲ್ಲಿ. ಅಂದರೆ ಅವರು ತಮಗೆ ಗೊತ್ತಿಲ್ಲದ ವಿಷಯಕ್ಕೆ ಮೂಗು ತೂರಿಸಿದವರಲ್ಲ.

2011ರ ಜನವರಿಯಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ವಾದ ಹೀಗಿತ್ತು. ಹೊರಗಿನ ಬ್ರಹ್ಮಾಂಡದಿಂದ ಬರುವ ವಿಶ್ವಕಿರಣಗಳು ಕೆಳಮಟ್ಟದ ಮೋಡ ಕಟ್ಟಲು ನೆರವಾಗುತ್ತವೆ. ಕಳೆದ 150 ವರ್ಷಗಳಲ್ಲಿ ಸೂರ್ಯನ ಚಟುವಟಿಕೆ ಹೆಚ್ಚಿ ಈ ಕಿರಣಗಳು ಸುಮಾರು ಶೇ 9ರಷ್ಟು ಇಳಿದಿವೆ. ಕಿರಣ ಇಳಿದರೆ ಮೋಡ ಇಳಿಯುತ್ತದೆ, ಮೋಡ ಇಳಿದರೆ ಬಿಸಿಲು ಹೆಚ್ಚು ಬೀಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿದರೆ ಅಲ್ಲಿಯವರೆಗೆ ಏರಿದ್ದ 0.75 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು 0.42 ಡಿಗ್ರಿ ಮಾತ್ರ, ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, ತನ್ನ ಲೆಕ್ಕ ತಿದ್ದಿಕೊಳ್ಳಬೇಕು.

ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. 0.75ರಲ್ಲಿ 0.42. ತಕರಾರು ತೆಗೆದ ರಾವ್ ಅವರ ಲೆಕ್ಕದಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಇಂಗಾಲದ್ದೇ! ಅವರ ಹೆಸರು ಹಿಡಿದು ‘ಎಲ್ಲಾ ಸುಳ್ಳು’ ಎನ್ನುವವರು ಪ್ರಬಂಧ ಓದಿಲ್ಲ.

ಆಗ ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಆ ಪ್ರಬಂಧವನ್ನು ದಿಲ್ಲಿಯಲ್ಲಿ ಸಾರ್ವಜನಿಕವಾಗಿ ಬಿಡುಗಡೆ ಮಾಡಿದರು. ಜೊತೆಗೆ ವಿ. ರಾಮನಾಥನ್ ಅವರ ಟಿಪ್ಪಣಿಯನ್ನೂ ತರಿಸಿದ್ದರು. ಈ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲವೂ ಭೂಮಿಯನ್ನು ಕಾಯಿಸುತ್ತದೆ ಎಂದು 1975ರಲ್ಲಿ ತೋರಿಸಿಕೊಟ್ಟವರು. ರಾವ್ ಅವರ ಪ್ರಶ್ನೆ ಗಂಭೀರವಾದದ್ದು ಎಂದು ಒಪ್ಪುತ್ತಲೇ ರಾಮನಾಥನ್ ಎತ್ತಿದ ಆಕ್ಷೇಪ ಸರಳ: ಹಿಂದಿನ 40 ವರ್ಷಗಳಲ್ಲಿ ಬಿಸಿ ವೇಗವಾಗಿ ಏರಿದೆ, ಆ ಏರಿಕೆಯನ್ನು ವಿಶ್ವಕಿರಣಗಳ ಏರಿಳಿತದಿಂದ ವಿವರಿಸಲು ಆಗುವುದಿಲ್ಲ.

ಈ ವಾದಕ್ಕೆ ಪರೀಕ್ಷೆಯೂ ನಡೆದಿದೆ. 2009ರ ಸುಮಾರಿಗೆ ಸೂರ್ಯ ಬಹಳ ಮಂಕಾಗಿದ್ದ, ಬಾಹ್ಯಾಕಾಶ ಯುಗದಲ್ಲೇ ಅತಿ ಹೆಚ್ಚು ವಿಶ್ವಕಿರಣ ಆಗ ದಾಖಲಾಯಿತು. ವಾದ ಸರಿಯಾಗಿದ್ದರೆ ಮೋಡ ಹೆಚ್ಚಿ ಭೂಮಿ ತಣ್ಣಗಾಗಬೇಕಿತ್ತು. ಆಗಲಿಲ್ಲ, ಮುಂದಿನ ದಶಕ ಇನ್ನೂ ಬಿಸಿಯಾಯಿತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ‘ಕ್ಲೌಡ್’ ಎಂಬ ಪ್ರಯೋಗ ಕಟ್ಟಿ, ಉಕ್ಕಿನ ಕೋಣೆಯೊಳಗೆ ಕೃತಕ ವಿಶ್ವಕಿರಣ ಹಾಯಿಸಿ ನೋಡಿದರು. ಕಿರಣಗಳಿಂದ ಸೂಕ್ಷ್ಮ ಕಣಗಳು ಹುಟ್ಟುವುದು ನಿಜ, ಆದರೆ ಹವಾಮಾನವನ್ನು ಅಲುಗಾಡಿಸುವಷ್ಟು ಮೋಡ ಅದರಿಂದ ಏರಿಳಿಯುವುದಿಲ್ಲ ಎಂಬ ಫಲಿತಾಂಶ 2016-17ರ ಹೊತ್ತಿಗೆ ಬಂತು. ರಾವ್ 2017ರ ಜುಲೈನಲ್ಲಿ ತೀರಿಕೊಂಡರು.

‘ಯಾರನ್ನು ನಂಬಬೇಕು’ ಎಂದು ಕೇಳಿದ್ದೀರಿ. ಇಲ್ಲಿ ಯಾರನ್ನೂ ನಂಬುವ ಪ್ರಮೇಯವೇ ಬರಲಿಲ್ಲ. ರಾವ್ ಅವರು ತಮ್ಮ ಸಂಶಯವನ್ನು ಸಂಖ್ಯೆಗಳಲ್ಲಿ ಬರೆದುಕೊಟ್ಟರು, ಹಾಗಾಗಿ ಅದನ್ನು ತೂಗಲು ಸಾಧ್ಯವಾಯಿತು. ಪದ್ಮ ಪ್ರಶಸ್ತಿ, ಇಸ್ರೊ ಕುರ್ಚಿ ಯಾವುದೂ ತಕ್ಕಡಿಗೆ ಬೀಳಲಿಲ್ಲ. ಸೋತ ವಾದವನ್ನು ಇಷ್ಟು ಗೌರವದಿಂದ ನೆನೆಯುವುದಕ್ಕೂ ಅದೇ ಕಾರಣ. ಟಿವಿಯಲ್ಲಿ ಮೇಜು ಗುದ್ದುವವರ ವಾದ ಸೋಲುವುದೂ ಇಲ್ಲ ಗೆಲ್ಲುವುದೂ ಇಲ್ಲ, ಯಾಕೆಂದರೆ ಅಲ್ಲಿ ಅಳೆಯಲು ಏನೂ ಇರುವುದಿಲ್ಲ.

2035ರೊಳಗೆ ಹಿಮಾಲಯದ ಹಿಮನದಿಗಳೆಲ್ಲ ಕರಗಿ ಮಾಯ ಎಂದು ನೊಬೆಲ್ ಪಡೆದ ಸಂಸ್ಥೆಯೇ ಹೇಳಿ, ಆಮೇಲೆ ತಪ್ಪಾಯಿತು ಎಂದಿತಂತೆ. ಮಕ್ಕಳಿಗೆ ನಾನು ಇದನ್ನು ಪಾಠ ಮಾಡಿದ್ದೆ! ಇನ್ನು ಅವರ ಮಾತು ಹೇಗೆ ನಂಬುವುದು?
– ಶಿಕ್ಷಕಿ, ಮಾನ್ವಿ

ಹೌದು, ಐಪಿಸಿಸಿಯ 2007ರ ವರದಿಯ ಎರಡನೇ ಸಂಪುಟದಲ್ಲಿ ಆ ವಾಕ್ಯ ನುಸುಳಿತ್ತು. ಮೂಲ ಹಿಡಿದು ಹೋದರೆ ಸಿಗುವುದು ಒಂದು ಸ್ವಯಂಸೇವಾ ಸಂಸ್ಥೆಯ ವರದಿ, ಅದರ ಹಿಂದೆ 1999ರ ಪತ್ರಿಕಾ ಸಂದರ್ಶನ. ಸಂಶೋಧನೆ ಯಾವುದೂ ಇರಲಿಲ್ಲ. 2009ರ ನವೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿವೃತ್ತ ಹಿರಿಯ ಅಧಿಕಾರಿ ವಿ.ಕೆ. ರೈನಾ ಹಿಮನದಿಗಳ ಬಗ್ಗೆ ಬೇರೆಯದೇ ಚಿತ್ರ ಕೊಟ್ಟಾಗ ಐಪಿಸಿಸಿ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದಲ್ಲಿ ಜರಿದರು. ಎರಡೇ ತಿಂಗಳಿಗೆ, 2010ರ ಜನವರಿಯಲ್ಲಿ, ಅದೇ ಐಪಿಸಿಸಿ ವಿಷಾದ ಸೂಚಿಸಬೇಕಾಯಿತು. ಜರಿದದ್ದು ಅಹಂಕಾರ, ಅದಕ್ಕೆ ಬೇರೆ ಹೆಸರಿಲ್ಲ.

ರೈನಾ ಅವರ ವರದಿ ಬಿಡುಗಡೆ ಮಾಡಿದ್ದೂ ಜೈರಾಮ್ ರಮೇಶ್ ಅವರೇ. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಈ ಮಂತ್ರಿಗೆ ಐಪಿಸಿಸಿಯನ್ನು ಕೆಣಕುವುದರಲ್ಲಿ ರಾಜಕೀಯ ಲಾಭವೂ ಇತ್ತು ಎಂದು ಅನುಮಾನಿಸುವವರಿದ್ದರು. ಇರಲಿ. ಎರಡು ಪ್ರಕರಣ ಪಕ್ಕಪಕ್ಕ ಇಟ್ಟು ನೋಡಿ: ವಿಶ್ವಕಿರಣದ ವಿಷಯದಲ್ಲಿ ಐಪಿಸಿಸಿಯ ಲೆಕ್ಕ ನಿಂತಿತು, 2035ರ ವಿಷಯದಲ್ಲಿ ಬಿತ್ತು. ಸುಮಾರು ಒಂದು ಸಾವಿರ ಪುಟಗಳ ಆ ಸಂಪುಟದಲ್ಲಿ ಒಂದು ವಾಕ್ಯವನ್ನು ಹಿಡಿದು ಹೊರಹಾಕಿದ್ದೂ ವಿಜ್ಞಾನಿಗಳೇ.

ಬಿದ್ದದ್ದು ಗಡುವು ಮಾತ್ರ, ಕರಗುವುದು ನಿಂತಿಲ್ಲ. ಮಕ್ಕಳಿಗೆ ಈಗ ಎರಡನ್ನೂ ಹೇಳಿ. ಜೊತೆಗೆ ಇನ್ನೊಂದು: ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ತುಂಗೆ ಭದ್ರೆಯರು ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಕೃಷ್ಣೆ, ತುಂಗಭದ್ರೆಯ ನಡುವಿನ ನಿಮ್ಮ ದೋಆಬಿನ ಎರಡೂ ಹೊಳೆಗಳಿಗೆ ಹಿಮದ ಹನಿಯಿಲ್ಲ. ಹಿಮಾಲಯದ ಕತೆಗಿಂತ ಘಟ್ಟದ ಮಳೆಯ ಕತೆ ನಿಮ್ಮ ತರಗತಿಗೆ ಹತ್ತಿರ.

ರಾಯಚೂರ ಬಿಸಿಲಿಗೆ ಶಕ್ತಿನಗರದ ಥರ್ಮಲ್ಲೇ ಕಾರಣ ಅಂತ ಎಲ್ಲರೂ ಅಂತಾರ. ಖರೆ ಏನ್ರಿ? ಮನಿ ಮ್ಯಾಲೆಲ್ಲ ಬೂದಿ ಕೂಡ್ತದ.
– ಗೃಹಿಣಿ, ಶಕ್ತಿನಗರ ಹತ್ತಿರದ ಊರು

ಊರಿನ ಬಿಸಿಲಿಗೆ ಅದು ಕಾರಣವಲ್ಲ. ಆ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, ರಾಯಚೂರಿನ ಬಿಸಿಲು ಅದಕ್ಕಿಂತ ಎಷ್ಟೋ ಹಳೆಯದು. ಸಮುದ್ರ ದೂರ, ನೆಲ ತಗ್ಗು, ಸುತ್ತ ಬಂಡೆಗುಡ್ಡ, ಬೇಸಿಗೆಯಲ್ಲಿ ಹಸಿರಿಲ್ಲದ ಎರೆ ಹೊಲ. ಇಷ್ಟಿದ್ದರೆ ಏಪ್ರಿಲ್-ಮೇ ಕಾಯದೆ ಇನ್ನೇನು. ಸ್ಥಾವರದಿಂದ ಹೊರಬೀಳುವ ಶಾಖ ಸುತ್ತಲಿನ ಸ್ವಲ್ಪ ಜಾಗ ಬಿಟ್ಟರೆ ಮುಂದೆ ಗೊತ್ತಾಗುವುದಿಲ್ಲ.

ಆದರೆ ಅದೇ ಸ್ಥಾವರದ ಹೊಗೆಯಲ್ಲಿ ಕಣ್ಣಿಗೆ ಕಾಣದ ಸರಕೊಂದಿದೆ. ಎಂಟು ಘಟಕ ಸೇರಿ ಅದರ ಸಾಮರ್ಥ್ಯ 1,720 ಮೆಗಾವಾಟ್. ಎಂಟೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 4 ಕೋಟಿ ಯೂನಿಟ್. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ದಿನಕ್ಕೆ ಸುಮಾರು 40 ಸಾವಿರ ಟನ್. ಎಲ್ಲ ಘಟಕಗಳೂ ಸದಾ ಓಡುವುದಿಲ್ಲ, ಹಾಗಾಗಿ ನಿಜವಾಗಿ ಬೀಳುವುದು ಇದಕ್ಕಿಂತ ಕಡಿಮೆ. ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಇನ್ನೆರಡು ಘಟಕ ಇವೆ, ಅದು ಬೇರೆ ಲೆಕ್ಕ. ಈ ಅನಿಲ ರಾಯಚೂರಿನ ಮೇಲೆ ನಿಲ್ಲುವುದಿಲ್ಲ. ಒಂದೆರಡು ವರ್ಷದಲ್ಲಿ ಇಡೀ ಜಗತ್ತಿನ ಗಾಳಿಗೆ ಬೆರೆತು, ಅದರಲ್ಲೊಂದು ಪಾಲು ನೂರಾರು ವರ್ಷ ಉಳಿಯುತ್ತದೆ. ನಿಮ್ಮೂರಿನ ಚಿಮಣಿ ಅಲಾಸ್ಕಾವನ್ನೂ ಕಾಯಿಸುತ್ತದೆ, ಟೆಕ್ಸಾಸಿನ ಚಿಮಣಿ ನಿಮ್ಮ ಅಂಗಳವನ್ನೂ.

ಬೂದಿಯ ತಕರಾರು ಬೇರೆ, ಅದು ಇವತ್ತಿನ ಎದೆ-ಶ್ವಾಸದ ಪ್ರಶ್ನೆ. ಅದನ್ನು ಬಿಸಿಲಿನ ಮಾತಿಗೆ ಸೇರಿಸಿ ತೆಳು ಮಾಡಬೇಡಿ. ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮ್ಯಾಗ ನಮ್ಮ ಕಡೆ ಗದ್ದಿ ಆಗಿ ಹವಾ ತಂಪಾಗ್ಯದ. ನೀವು ನೋಡಿದ್ರ ಜಗತ್ತೇ ಕಾಯ್ತದ ಅಂತೀರಿ!
– ಭತ್ತ ಬೆಳೆಗಾರರು, ಮಾನ್ವಿ ತಾಲ್ಲೂಕು

ನಿಮಗೆ ಅನ್ನಿಸಿದ್ದು ಸುಳ್ಳಲ್ಲ. ಗದ್ದೆಯ ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ, ಹಗಲಿನ ಕಾವು ಇಳಿಯುತ್ತದೆ. ದೇಶ ಕಾದದ್ದು ಜಗತ್ತಿಗಿಂತ ಕಡಿಮೆ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ನೀರಾವರಿಯೂ ಒಂದು. ಇನ್ನೊಂದು ದೊಡ್ಡ ಕಾರಣ ನಮ್ಮ ಗಾಳಿಯಲ್ಲಿ ತೇಲುವ ಹೊಗೆ-ಧೂಳಿನ ಪರದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ವಿಮಾನ, ಹಡಗು ಬಿಟ್ಟು ಇದನ್ನು ಅಳೆದ ತಂಡದ ಮುಂದಾಳು ಮೇಲೆ ಬಂದ ಅದೇ ರಾಮನಾಥನ್. ಆ ಪರದೆ ಬಿಸಿಲನ್ನು ತಡೆದು ಕಾವಿನ ಒಂದು ಪಾಲನ್ನು ಮುಚ್ಚಿಟ್ಟಿದೆ, ಜೊತೆಗೆ ಮುಂಗಾರನ್ನೂ ಸೊರಗಿಸಿದೆ. 2020ರ ಸಮೀಕ್ಷೆಯ ಪ್ರಕಾರ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿಯಲು ಇದರ ಕೈಯೂ ಇದೆ. ಗಾಳಿ ಚೊಕ್ಕವಾದಷ್ಟೂ ಮುಚ್ಚಿಟ್ಟ ಕಾವು ಹೊರಬರುತ್ತದೆ. ಎಂಥ ಇಕ್ಕಟ್ಟು ನೋಡಿ.

ನಿಮ್ಮ ತಂಪಿಗೂ ಒಂದು ಬೆಲೆ ಇದೆ. ಗದ್ದೆ ಬಯಲಿನ ಗಾಳಿಯಲ್ಲಿ ತೇವ ಹೆಚ್ಚು. ತೇವ ಹೆಚ್ಚಿದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ತೋರಿಸಿದರೂ ನಾಟಿ ಮಾಡುವ ಹೆಣ್ಣುಮಕ್ಕಳ ಮೈಗೆ ಬೀಳುವ ಹೊರೆ ಹೆಚ್ಚೇ ಇರಬಹುದು. ಮೇಲಾಗಿ ನೀರು ನಿಲ್ಲಿಸಿದ ಗದ್ದೆ ಮೀಥೇನ್ ಬಿಡುತ್ತದೆ. ನಿಮ್ಮ ಭಾಗದಲ್ಲಿ ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಹೊರಳಿದವರು ಕೂಲಿ, ನೀರು ಉಳಿಸಲು ಹೊರಳಿದರು. ಮೀಥೇನ್ ಇಳಿದದ್ದು ಅವರಿಗೆ ಗೊತ್ತಿಲ್ಲದೆ ಆದ ಉಪಕಾರ. ಕಾಲುವೆಯ ಕೊನೆ ಭಾಗದವರಿಗೆ ನೀರು ಮುಟ್ಟುವುದೂ ಇದರಿಂದ ಸಲೀಸು, ನನಗಂತೂ ಅದೇ ದೊಡ್ಡ ಕಾರಣ.

ಗಿಡ ಹಚ್ಚಿದರೆ ಸಾಕಲ್ಲವೇ?
– ಯುವಕ ಸಂಘದವರು, ಅರಕೇರಾ

ಹಚ್ಚಿ, ನೆರಳಿಗೆ, ಹಣ್ಣಿಗೆ, ಮಣ್ಣಿಗೆ. ಶಕ್ತಿನಗರದ ಒಂದು ದಿನದ ಲೆಕ್ಕ ಮೇಲೆ ಕೊಟ್ಟಿದ್ದೇನೆ. ಒಂದು ಮರ ವರ್ಷಕ್ಕೆ ಹೀರುವುದು ಕಿಲೋಗಳ ಲೆಕ್ಕದಲ್ಲಿ. ಸಾಕಾಗುವುದಿಲ್ಲ.

ನೂರಾರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಅಮೆರಿಕ, ಯುರೋಪಿನವರು. ಈಗ ನಾವು ಕರೆಂಟು ಕಾಣೋ ಹೊತ್ತಿಗೆ ಸುಡಬೇಡಿ ಅಂತಾರೆ. ಇದು ಬಡ ದೇಶಗಳನ್ನು ತುಳಿಯಲು ಕಟ್ಟಿದ ಸುಳ್ಳು ಎಂದು ನನ್ನ ಅಭಿಪ್ರಾಯ.
– ಪಂಪ್‌ಸೆಟ್ ಮೆಕ್ಯಾನಿಕ್, ಜಾಲಹಳ್ಳಿ

ನಿಮ್ಮ ಮಾತಿನ ಮೊದಲ ಭಾಗಕ್ಕೆ ನನ್ನ ಸಹಿಯೂ ಇದೆ. ಒಬ್ಬ ಅಮೆರಿಕದವನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಒಬ್ಬ ಭಾರತೀಯನ ಪಾಲಿಗೆ ಸುಮಾರು 2 ಟನ್. ಜಾಲಹಳ್ಳಿಯ ಕೂಲಿಕಾರನದು ಅದಕ್ಕಿಂತಲೂ ಕಡಿಮೆ ಇದ್ದೀತು. ಅಮೆರಿಕದವರ ಐಷಾರಾಮದ ಹೊಗೆಯನ್ನೂ ಬಡವರ ಗದ್ದೆಯ ಮೀಥೇನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಎಂದು ದಿಲ್ಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದ್ದರು. ಮರುವರ್ಷ ರಿಯೊದಲ್ಲಿ ಒಪ್ಪಿದ ಜಾಗತಿಕ ಒಡಂಬಡಿಕೆಯಲ್ಲಿ, ಹೊಣೆ ಎಲ್ಲರದು ಆದರೆ ಎಲ್ಲರದೂ ಸಮವಲ್ಲ ಎಂಬ ತತ್ವ ಸೇರಿತು.

‘ಸುಳ್ಳು’ ಎಂಬ ಎರಡನೇ ಭಾಗಕ್ಕೆ ಸಹಿ ಹಾಕಲಾರೆ. ಈ ಸುಳ್ಳಿನ ಮಾತು ಎಲ್ಲಿ ಹುಟ್ಟಿತು ನೋಡಿ. 1988ರಲ್ಲಿ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಕಾಯಲು ಶುರುವಾಗಿದೆ ಎಂದು ಸಾಕ್ಷಿ ನುಡಿದರು. ಮರುವರ್ಷವೇ ತೈಲ, ಕಲ್ಲಿದ್ದಲು, ಮೋಟಾರು ಉದ್ಯಮದವರು ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ಎಂಬ ಕೂಟ ಕಟ್ಟಿ, ವಿಜ್ಞಾನ ಇನ್ನೂ ಇತ್ಯರ್ಥವಾಗಿಲ್ಲ ಎಂದು ಪ್ರಚಾರಕ್ಕಿಳಿದರು. ತಮಾಷೆಯೆಂದರೆ ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಒಳಗೊಳಗೇ ಲೆಕ್ಕ ಹಾಕಿಟ್ಟಿದ್ದರು. ಆ ಲೆಕ್ಕಗಳನ್ನು ನಂತರ ನಿಜವಾಗಿ ಏರಿದ ಬಿಸಿಯ ಪಕ್ಕ ಇಟ್ಟು ನೋಡಿದ ಅಧ್ಯಯನ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬಹುಪಾಲು ತಾಳೆಯಾಗಿದ್ದವು.

ಬಡವರನ್ನು ತುಳಿಯಲು ಕಟ್ಟಿದ ಸುಳ್ಳೆಂದರೆ ಅದು ‘ಏನೂ ಆಗುತ್ತಿಲ್ಲ’ ಎಂಬುದೇ. ಬಿಸಿ ಏರಿಯೇ ಇಲ್ಲ ಎಂದಾದರೆ ಏರಿಸಿದವರ ಮೇಲೆ ಸಾಲವೂ ಇಲ್ಲ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳು ಹಟ ಹಿಡಿದು ನಷ್ಟ ಪರಿಹಾರ ನಿಧಿಗೆ ಒಪ್ಪಿಗೆ ಪಡೆದವು. ಅದಕ್ಕೆ ಬಿದ್ದಿರುವ ಹಣ ಇನ್ನೂ ಪುಡಿಗಾಸು. ಆದರೂ ಆ ಬಾಕಿ ಕೇಳಬೇಕಾದ ಜಾಲಹಳ್ಳಿಯವರೇ ‘ಸಾಲ ಕೊಟ್ಟೇ ಇಲ್ಲ’ ಎಂದು ಬರೆದುಕೊಟ್ಟರೆ ಹೇಗೆ?

ಕರೆಂಟಿನ ಮಾತು: ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಬಂದಿದೆ. ಹಗಲು ಪಂಪ್‌ಸೆಟ್ ಓಡಿಸಲು ಬಿಸಿಲು ಬೇಕಾದರೆ ರಾಯಚೂರಿನಷ್ಟು ಉಳ್ಳವರು ಯಾರು? ರಾತ್ರಿಯ ಕರೆಂಟು ಇನ್ನೂ ಕಷ್ಟ, ಶಕ್ತಿನಗರ ನಾಳೆಯೇ ಮುಚ್ಚಲಿ ಎನ್ನುವವರ ಗುಂಪಿನಲ್ಲಿ ನಾನಿಲ್ಲ.

ನಾಳಿ ಮಳಿ ಬರ್ತದೋ ಇಲ್ಲೋ ಹೇಳಾಕ ಆಗಲ್ಲ, ಐವತ್ತು ವರ್ಷದ ಮುಂದಿನದು ಹೇಳ್ತೀರಿ. ಹೋಗ್ಲಿ, ದೇವದುರ್ಗದ ಮಳಿ ಮುಂದ ಹೆಚ್ಚಾಗ್ತದೋ ಕಡಿಮಿ ಆಗ್ತದೋ ಅಷ್ಟರೆ ಹೇಳ್ರಿ.
– ತೊಗರಿ ಬೆಳೆಗಾರರು, ಗಬ್ಬೂರು

ಬರುವ ಮೇ 15ಕ್ಕೆ ಗಬ್ಬೂರಿನಲ್ಲಿ 39 ಡಿಗ್ರಿಯೋ 42 ಡಿಗ್ರಿಯೋ ನನಗೆ ಗೊತ್ತಿಲ್ಲ. ಡಿಸೆಂಬರಿಗಿಂತ ಮೇ ಬಿಸಿ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಸರಾಸರಿ ಹೇಳುವುದು ಬೇರೆ, ದಿನ ಹೇಳುವುದು ಬೇರೆ. ನಾಳಿನದು ತಪ್ಪಿದರೆ ಸರಾಸರಿಯೂ ತಪ್ಪಲೇಬೇಕು ಎಂದೇನಿಲ್ಲ.

ಎರಡನೇ ಪ್ರಶ್ನೆ ನಿಜಕ್ಕೂ ಗಟ್ಟಿ. ಇಲ್ಲಿ ವಿಜ್ಞಾನಿಗಳ ನಡುವೆ ಇವತ್ತಿಗೂ ಪ್ರಾಮಾಣಿಕ ಭಿನ್ನಾಭಿಪ್ರಾಯ ಇದೆ. ಬಿಸಿ ಏರುತ್ತಿದೆಯೇ, ಯಾರಿಂದ ಎಂಬ ಜಗಳ ತೀರಿದೆ. ಒಂದು ತಾಲ್ಲೂಕಿನ ಮುಂಗಾರು ಏನಾದೀತು ಎಂಬ ಜಗಳ ತೀರಿಲ್ಲ. ಒಂದು ಮಾದರಿ ಹೆಚ್ಚು ಎನ್ನುತ್ತದೆ, ಇನ್ನೊಂದು ಅಷ್ಟೇನಿಲ್ಲ ಎನ್ನುತ್ತದೆ. ದೇವದುರ್ಗದ 2060ರ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವರು ಸಿಕ್ಕರೆ ಅವರಿಂದ ಬೀಜ-ಗೊಬ್ಬರ ಕೊಳ್ಳಬೇಡಿ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿಯುವಾಗ ಜೋರಾಗಿ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ. 2009 ನೆನಪಿದೆಯಲ್ಲ. ದೇಶಕ್ಕೆಲ್ಲ ಮುಂಗಾರು ಶೇ 22ರಷ್ಟು ಕಡಿಮೆಯಾದ ವರ್ಷ. ಆದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಹಸ್ತಾ ಮಳೆಗೆ ಉತ್ತರ ಕರ್ನಾಟಕ ಮುಳುಗಿತು, ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯದ ಮಠದೊಳಕ್ಕೆ ನೀರು ಹೊಕ್ಕಿತು. ಆ ಒಂದು ಪ್ರವಾಹಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದು ನಾನು ಬರೆದುಕೊಡಲಾರೆ. ಅಂಥವು ಹೆಚ್ಚಾಗುತ್ತವೆ ಎಂದು ಬರೆದುಕೊಡಬಲ್ಲೆ. 2019ರ ಆಗಸ್ಟಿನಲ್ಲಿ ನಿಮ್ಮ ಹೂವಿನಹೆಡಗಿ ಸೇತುವೆ ಮುಳುಗಿದ್ದು ನಿಮ್ಮ ಮಳೆಗಲ್ಲ, ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದು ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ. ಹೊಲಕ್ಕೆ ಹಸಿ ಸಾಲದೆ ಇರುವಾಗಲೇ ಹೊಳೆ ದಂಡೆ ಮೀರುವುದು ಈ ಸೀಮೆಯ ವಿಚಿತ್ರ.

ಸದ್ಯಕ್ಕೆ ನಿಮಗೆ ಬೇಕಾದದ್ದು ಐವತ್ತು ವರ್ಷದ್ದಲ್ಲ, ಈ ಐದು ದಿನದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು, ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕಡೆಯ ಮುನ್ಸೂಚನೆ ಕನ್ನಡದಲ್ಲೇ ಹೇಳುತ್ತಾರೆ. ತೊಗರಿ ಹೂಬಿಡುವ ಹೊತ್ತಿಗೆ ಔಷಧ ಹೊಡೆಯುವ ಮುಂಚೆ ಒಮ್ಮೆ ಕೇಳಿ ನೋಡಿ. ಅವರು ಹೇಳಿದ್ದು ಎಷ್ಟು ಸಲ ಸರಿಹೋಯಿತು, ಎಷ್ಟು ಸಲ ತಪ್ಪಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡು ಸುಗ್ಗಿ ಮುಗಿದ ಮೇಲೆ ನನಗೂ ಬರೆಯಿರಿ.